ಬೀರೂರು ಜಂಕ್ಷನ್ನಿನಲ್ಲಿ ಒಂದು ಪ್ರಶ್ನೆ

ನಮ್ಮ ಕಡೆಯ ರೈಲು ದಾರಿ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಅರಸೀಕೆರೆ ದಾಟಿ ಬರುವ ಗಾಡಿ ಕಡೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಹತ್ತು ನಿಮಿಷಕ್ಕೆ ಬೀರೂರು. ಬೀರೂರಿನಲ್ಲಿ ಹಳಿ ಕವಲಾಗುತ್ತದೆ. ಒಂದು ಹಳಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಸುತ್ತಲೇ ವರ್ಗವಾಗುತ್ತಾ ಹೋದವನು ನಾನು. ಬೀರೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನಾನು ಕೂತು ಕಳೆದ ಹೊತ್ತನ್ನು ಲೆಕ್ಕ ಹಾಕಿದರೆ ತಿಂಗಳುಗಳೇ ಆದಾವು.

ಆ ಬೆಂಚಿನ ಹತ್ತಿರವೇ 2003ರಲ್ಲಿ ಒಬ್ಬ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ. ನಾನು ಉತ್ತರ ಕೊಟ್ಟೆ. ತಪ್ಪು ಉತ್ತರ ಕೊಟ್ಟೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು ಅಂತ ಈಚೆಗೆ ಗೊತ್ತಾಯಿತು.

ಹುಡುಗ ಹತ್ತನೇ ಕ್ಲಾಸು. ಅಜ್ಜಂಪುರದ ಕಡೆಯ ಹಳ್ಳಿಯವನು. ಹಳ್ಳಿ ಶಾಲೆಗಳಲ್ಲಿ ಆಟದ ತಂಡ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು. ಅದೇ ಹನ್ನೊಂದು ಹುಡುಗರು ಬೆಳಿಗ್ಗೆ ಕಬಡ್ಡಿ ತಂಡ, ಮಧ್ಯಾಹ್ನ ವಾಲಿಬಾಲ್ ತಂಡ, ಸಂಜೆ ರಿಲೇ ತಂಡ. ಅಂಥವರ ನಡುವೆಯೂ ಇವನದು ಬೇರೆ ಥರ. ಕಾಲಲ್ಲಿ ಚೆಂಡು ಸಿಕ್ಕರೆ ಫುಟ್ಬಾಲ್, ಕೈಲಿ ಬ್ಯಾಟು ಸಿಕ್ಕರೆ ಕ್ರಿಕೆಟ್. ಎರಡರಲ್ಲೂ ನೋಡುವವರು ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಭಾನುವಾರದ ಟೆನಿಸ್ ಬಾಲ್ ಟೂರ್ನಮೆಂಟುಗಳಿಗೆ ಬೇರೆ ಊರಿನವರು ಬಂದು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು.

ಆ ಶನಿವಾರ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಫುಟ್ಬಾಲ್ ಇತ್ತು. ಹುಡುಗರನ್ನು ಕರಕೊಂಡು ಅಜ್ಜಂಪುರದಲ್ಲಿ ಬೆಳಗಿನ ಗಾಡಿ ಹತ್ತಿದ್ದೆ. ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ. ಆಗ ಕಡೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಗಾಡಿ ಬೀರೂರಿನಲ್ಲಿ ನಿಂತಾಗ ಈ ಹುಡುಗ ಪ್ಲಾಟ್‌ಫಾರಮ್ಮಿಗೆ ಇಳಿದು ಕಿಟಕಿಯ ಹತ್ತಿರ ಬಂದು ನಿಂತ. ಭುಜದ ಮೇಲೆ ಎರಡು ಚೀಲ.

"ಸಾರ್, ಕ್ರಿಕೆಟ್ಟಿನ ಸೆಲೆಕ್ಷನ್ನೂ ಇವತ್ತೇ ಐತಂತೆ, ಶಿವಮೊಗ್ಗದಾಗೆ. ನಿನ್ನೆ ರಾತ್ರಿ ಹೇಳಿ ಕಳ್ಸಿದ್ರು. ಎರಡೂ ಒಂದೇ ದಿನ ಬಿದ್ದೈತೆ. ಏನ್ ಮಾಡಾದು ಸಾರ್?"

ನಾನು ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. ಇಂಥ ಪ್ರಶ್ನೆಗೆ ಉತ್ತರ ನಮ್ಮ ಬಾಯಲ್ಲಿ ಮೊದಲೇ ತಯಾರಿರುತ್ತದೆ. "ಎರಡು ದೋಣಿ ಮೇಲೆ ಕಾಲಿಟ್ಟವನು ದಡ ಸೇರಲ್ಲ ಕಣೋ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು. ಶಿವಮೊಗ್ಗಕ್ಕೇ ಹೋಗು. ಫುಟ್ಬಾಲ್ ಯಾರಿಗೆ ಬೇಕು? ನಾಳೆ ಅನ್ನ ಹಾಕೋದು ಕ್ರಿಕೆಟ್ಟೇ" ಅಂದೆ. ಶಿವಮೊಗ್ಗದ ಗಾಡಿ ಬರುವುದಿತ್ತು. ಅವನು ಒಬ್ಬನೇ ಪ್ಲಾಟ್‌ಫಾರಮ್ಮಿನಲ್ಲಿ ಉಳಿದ. ನಮ್ಮ ಗಾಡಿ ಕಡೂರಿನ ಕಡೆ ಹೊರಟಿತು.

ಶಿವಮೊಗ್ಗದಲ್ಲಿ ಅವನ ಆಯ್ಕೆ ಆಗಲಿಲ್ಲ. ದೊಡ್ಡ ಗುಂಪು, ಹತ್ತು ಚೆಂಡು ಕೂಡ ಎದುರಿಸಲು ಸಿಗಲಿಲ್ಲವಂತೆ. ಇತ್ತ ಫುಟ್ಬಾಲ್ ತಂಡದಲ್ಲಿ ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿ ಆಗಿತ್ತು. ಸೋಮವಾರ ಅವನು ಮೈದಾನಕ್ಕೆ ಬರಲಿಲ್ಲ. ಕೇಳಿದರೆ "ಕಾಲು ನೋವು ಸಾರ್" ಅಂದ. ಆ ಕಾಲುನೋವು ಶಾಲೆ ಮುಗಿಯುವವರೆಗೂ ವಾಸಿಯಾಗಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆಮೇಲೆ ಸುಮಾರು ವರ್ಷ ನಾನು ಈ ಹುಡುಗನನ್ನು ಒಂದು ಉದಾಹರಣೆಯಾಗಿ ಬಳಸಿಕೊಂಡೆ. ಸ್ಟಾಫ್ ರೂಮಿನಲ್ಲಿ, ಪೋಷಕರ ಸಭೆಯಲ್ಲಿ, ಹೊಸ ಹುಡುಗರ ಮುಂದೆ. "ಎಂಥಾ ಪ್ರತಿಭೆ! ಆದರೆ ಏಕಾಗ್ರತೆ ಇರಲಿಲ್ಲ, ಎರಡೂ ಬೇಕು ಅಂತ ಹೋಗಿ ಯಾವುದೂ ಇಲ್ಲದ ಹಾಗಾಯ್ತು" ಅಂತ. ಅವರಪ್ಪನಿಗೂ ಸಂತೆಯಲ್ಲಿ ಸಿಕ್ಕಾಗ ಹಾಗೇ ಹೇಳಿದ್ದೆ. ಆತ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು.

ರಿಟೈರಾದ ಮೇಲೆ ಓದಲು ಟೈಮು ಸಿಕ್ಕಿತು. ಫುಟ್ಬಾಲ್ ಮತ್ತು ಕ್ರಿಕೆಟ್ ಎರಡರಲ್ಲೂ ದೇಶಕ್ಕೆ ಆಡಿದವರ ಬಗ್ಗೆ ಓದತೊಡಗಿದೆ. ನಿಜ ಹೇಳಬೇಕೆಂದರೆ, ನನ್ನ ಮಾತೇ ಸರಿ ಅನ್ನಲು ಸಾಕ್ಷಿ ಹುಡುಕುತ್ತಿದ್ದೆ. ಹಾಗೆ ಎರಡು ಕಡೆ ಆಡಿದವರು ಎಲ್ಲೋ ಒಬ್ಬಿಬ್ಬರು ಇರಬಹುದು, ಅವರು ದೇವರು ಕೊಟ್ಟ ವರದವರು, ನಮ್ಮಂಥವರಿಗೆ ಆ ಲೆಕ್ಕ ಬರುವುದಿಲ್ಲ ಅನ್ನುವುದು ನನ್ನ ಊಹೆ.

ಇಂಗ್ಲೆಂಡಿನಲ್ಲಿ ಪುರುಷರ ಫುಟ್ಬಾಲ್ ತಂಡಕ್ಕೂ ಟೆಸ್ಟ್ ಕ್ರಿಕೆಟ್ ತಂಡಕ್ಕೂ ಆಡಿದವರು ಹನ್ನೆರಡು ಜನ. ಮೊದಲಿಗರು ಆಲ್ಫ್ರೆಡ್ ಲಿಟಲ್ಟನ್, 1877ರಲ್ಲಿ ಫುಟ್ಬಾಲ್, 1880ರಲ್ಲಿ ಟೆಸ್ಟ್. ಆರ್.ಇ. ಫಾಸ್ಟರ್ ಎರಡೂ ಆಟಗಳಲ್ಲಿ ಇಂಗ್ಲೆಂಡಿನ ನಾಯಕರಾಗಿದ್ದ ಏಕೈಕ ವ್ಯಕ್ತಿ. ಮೊದಲ ಟೆಸ್ಟಿನಲ್ಲೇ ಅವರು ಸಿಡ್ನಿಯಲ್ಲಿ ಹೊಡೆದ 287 ಇವತ್ತಿಗೂ ದಾಖಲೆ. ಸಿ.ಬಿ. ಫ್ರೈ 26 ಟೆಸ್ಟ್ ಆಡಿದರು, 1901ರಲ್ಲಿ ಐರ್ಲೆಂಡ್ ವಿರುದ್ಧ ಫುಟ್ಬಾಲ್ ಆಡಿದರು, ಅದೂ ಸಾಲದೆ ಉದ್ದ ಜಿಗಿತದ ವಿಶ್ವದಾಖಲೆಯನ್ನು ಸರಿಗಟ್ಟಿದ್ದರು. ಡೆನಿಸ್ ಕಾಂಪ್ಟನ್ ಈ ಪಟ್ಟಿಯಲ್ಲಿಲ್ಲ. ಅವರು ಇಂಗ್ಲೆಂಡಿಗೆ ಫುಟ್ಬಾಲ್ ಆಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಆ ಪಂದ್ಯಗಳನ್ನು ಅಧಿಕೃತ ಅಂತ ಲೆಕ್ಕ ಹಿಡಿಯುವುದಿಲ್ಲ. ಪಟ್ಟಿಯ ಕೊನೆಯ ಹೆಸರು ಆರ್ಥರ್ ಮಿಲ್ಟನ್. 1951ರ ನವೆಂಬರಿನಲ್ಲಿ ವೆಂಬ್ಲಿಯಲ್ಲಿ ಆಸ್ಟ್ರಿಯಾ ವಿರುದ್ಧ ಫುಟ್ಬಾಲ್, 1958ರಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟಿನಲ್ಲೇ ಔಟಾಗದೆ 104. ಅವರ ನಂತರ ಆ ಪಟ್ಟಿಗೆ ಹದಿಮೂರನೆಯವರು ಬರಲಿಲ್ಲ.

ಯಾಕೆ ಬರಲಿಲ್ಲ? 1958ರಿಂದೀಚೆಗೆ ಆ ದೇಶದಲ್ಲಿ ಪ್ರತಿಭೆ ಬತ್ತಿಹೋಯಿತೆ? ಮನುಷ್ಯರ ಕಾಲು ಕೈ ಬದಲಾದವೆ?

ಬದಲಾಗಿದ್ದು ಕ್ಯಾಲೆಂಡರು. ಅಲ್ಲಿ ಕ್ರಿಕೆಟ್ ಬೇಸಿಗೆಯ ಆಟ, ಫುಟ್ಬಾಲ್ ಚಳಿಗಾಲದ ಆಟ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರು. ಫ್ರೈ, ಫಾಸ್ಟರ್ ಥರದ ಅನುಕೂಲಸ್ಥರಿಗೆ ಅದು ವರ್ಷಪೂರ್ತಿ ಹವ್ಯಾಸ. ಮಿಲ್ಟನ್ ಥರದವರಿಗೆ ವರ್ಷಪೂರ್ತಿ ಕೂಲಿ. 1961ರವರೆಗೆ ಅಲ್ಲಿ ಫುಟ್ಬಾಲಿಗರ ಸಂಬಳಕ್ಕೆ ಮಿತಿ ಇತ್ತು, ತೆಗೆದುಹಾಕುವಾಗ ಆ ಮಿತಿ ವಾರಕ್ಕೆ 20 ಪೌಂಡ್. ಒಂದು ಆಟದಿಂದ ವರ್ಷ ನೂಕುವುದು ಕಷ್ಟ, ಹಾಗಾಗಿ ಎರಡು. ಆಮೇಲೆ ಮಿತಿ ಹೋಯಿತು, ದುಡ್ಡು ಬಂತು. ದುಡ್ಡಿನ ಜೊತೆ ಋತು ಹಿಗ್ಗಿತು. ಫುಟ್ಬಾಲ್ ಬೇಸಿಗೆಗೆ ಕೈ ಚಾಚಿತು, ಕ್ರಿಕೆಟ್ ಚಳಿಗಾಲಕ್ಕೆ ವಿದೇಶಕ್ಕೆ ಹೊರಟಿತು. ನಡುವಿನ ಬಿಡುವು ಇಲ್ಲವಾದಾಗ ಆ ಬಿಡುವಿನಲ್ಲಿ ಬೆಳೆಯುತ್ತಿದ್ದ ಮನುಷ್ಯರೂ ಇಲ್ಲವಾದರು. ಅದನ್ನು ಆಮೇಲೆ ಬಂದವರು 'ಏಕಾಗ್ರತೆ' ಅಂತ ಕರೆದು ಒಂದು ನೀತಿ ಮಾಡಿಕೊಂಡರು.

ಇದು ನನಗೆ ಹೊಸ ವಿಷಯ ಆಗಬಾರದಿತ್ತು. ಕಡೂರು ಬಯಲುಸೀಮೆಯಲ್ಲಿ ಒಂದೇ ಕೆಲಸ ನಂಬಿ ಬದುಕಿದ ಮನೆ ಯಾವುದಿದೆ? ಮಳೆ ಬಂದರೆ ರಾಗಿ, ಈರುಳ್ಳಿ, ಬರದಿದ್ದರೆ ಕುರಿ, ತೆಂಗು ಒಣಗಿದರೆ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಗಾರ್ಡು. ನಮ್ಮ ಕಡೆಯ ವೀರಗಾಸೆಯವರನ್ನು ನೋಡಿ. ಶ್ರಾವಣ, ಕಾರ್ತಿಕ ಬಂದರೆ ಕತ್ತಿ ಹಿಡಿದು ವೀರಭದ್ರನ ಒಡಪು ಹೇಳುತ್ತಾ ಕುಣಿಯುವ ಅದೇ ಮನುಷ್ಯ ಮಿಕ್ಕ ತಿಂಗಳು ಹೊಲದಲ್ಲಿ ಕುಂಟೆ ಹೊಡೆಯುತ್ತಾನೆ. ನಿನಗೆ ಏಕಾಗ್ರತೆ ಇಲ್ಲ, ಒಂದನ್ನು ಬಿಡು ಅಂತ ಅವನಿಗೆ ಯಾರಾದರೂ ಹೇಳಿದ್ದುಂಟೆ? ಎರಡಕ್ಕೂ ಅದರದರ ತಿಂಗಳಿದೆ ಅಂತ ಊರಿಗೆಲ್ಲ ಗೊತ್ತು.

ನಮ್ಮ ದೇಶದಲ್ಲಿ ಫುಟ್ಬಾಲ್ ಮತ್ತು ಕ್ರಿಕೆಟ್ ಎರಡರಲ್ಲೂ ಎತ್ತರಕ್ಕೆ ಏರಿದವರೆಂದರೆ ಚುನಿ ಗೋಸ್ವಾಮಿ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದ ನಾಯಕ. ಅದೇ 1962-63ರ ಸಾಲಿನಲ್ಲಿ ಬಂಗಾಳದ ಪರವಾಗಿ ರಣಜಿ ಟ್ರೋಫಿಗೂ ಇಳಿದರು. 1966ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಇಂದೋರಿನಲ್ಲಿ ಕೇಂದ್ರ ಮತ್ತು ಪೂರ್ವ ವಲಯಗಳ ಜಂಟಿ ತಂಡ ಅವರನ್ನು ಇನಿಂಗ್ಸ್ ಅಂತರದಿಂದ ಸೋಲಿಸಿತು. ಆ ಪಂದ್ಯದಲ್ಲಿ ಗೋಸ್ವಾಮಿಗೆ 8 ವಿಕೆಟ್. 1971-72ರಲ್ಲಿ ಬಂಗಾಳವನ್ನು ನಾಯಕನಾಗಿ ರಣಜಿ ಫೈನಲ್ಲಿಗೆ ಒಯ್ದರು. ಒಟ್ಟು 46 ಪ್ರಥಮ ದರ್ಜೆ ಪಂದ್ಯ. ಭಾರತಕ್ಕೆ ಟೆಸ್ಟ್ ಮಾತ್ರ ಆಡಲಿಲ್ಲ. ಹಾಗಾಗಿ ಮಿಲ್ಟನ್ ಅವರಂಥವರ ಪಟ್ಟಿಗೆ ಅವರು ಸೇರುವುದಿಲ್ಲ, ಬಾಗಿಲವರೆಗೆ ಬಂದು ನಿಂತವರು.

ಅವರ ಬದುಕಿನಲ್ಲೂ ಅದೇ ಕ್ಯಾಲೆಂಡರಿನ ಗುಟ್ಟಿದೆ. ಕಲ್ಕತ್ತದ ಫುಟ್ಬಾಲ್ ಲೀಗು ಮಳೆಗಾಲದ ಆಟ, ರಣಜಿ ಚಳಿಗಾಲದ್ದು. ಜೊತೆಗೆ ಸ್ಟೇಟ್ ಬ್ಯಾಂಕಿನ ನೌಕರಿ ಇತ್ತು. ಎರಡು ಆಟಗಳನ್ನು ಎತ್ತಿ ಹಿಡಿದದ್ದು ಮೂರನೆಯದೊಂದು, ತಿಂಗಳ ಸಂಬಳ.

ಗೋಸ್ವಾಮಿ ವಿಚಾರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಎಂಟು ವರ್ಷದ ಹುಡುಗನಾಗಿ 1946ರಲ್ಲಿ ಮೋಹನ್ ಬಗಾನ್ ಕ್ಲಬ್ಬಿನ ಕಿರಿಯರ ತಂಡ ಸೇರಿದವರು 1968ರಲ್ಲಿ ಆಟ ನಿಲ್ಲಿಸುವವರೆಗೆ ಬೇರೆ ಕ್ಲಬ್ಬಿಗೆ ಹೋಗಲಿಲ್ಲ. ಎರಡು ಆಟ ಆಡಿದ ಮನುಷ್ಯ ಒಂದೇ ಕ್ಲಬ್ಬಿಗೆ ಇಪ್ಪತ್ತೆರಡು ವರ್ಷ ನಿಂತ. ಎರಡು ದೋಣಿಯ ಗಾದೆ ಹೇಳುವಾಗ ನಮ್ಮ ಮನಸ್ಸಿನಲ್ಲಿರುವ ಭಯ ಯಾವುದು? ಇವನು ಯಾವುದಕ್ಕೂ ನಿಯತ್ತಾಗಿ ನಿಲ್ಲುವವನಲ್ಲ ಅನ್ನುವುದು. ಬೇಕಾದ್ದು ಎಷ್ಟು, ನಿಯತ್ತು ಎಷ್ಟು ಅನ್ನುವುದು ಎರಡು ಬೇರೆ ಲೆಕ್ಕ. ಒಂದೇ ಆಟ ಆಡುತ್ತಾ ವರ್ಷಕ್ಕೊಂದು ಕ್ಲಬ್ಬು ಬದಲಾಯಿಸುವವರೂ ಇದ್ದಾರೆ. ನಾನು ಎರಡು ಲೆಕ್ಕಗಳನ್ನು ಕೂಡಿಸಿ ಒಂದು ಮಾಡಿದ್ದೆ.

ಇಲ್ಲಿ ನೀವೊಂದು ಮಾತು ಕೇಳಬಹುದು. ಕ್ಯಾಲೆಂಡರು ಸರಿ ಸಾರ್, ಆದರೆ ನಿಜವಾಗಿಯೂ ಎರಡೂ ಒಂದೇ ದಿನ ಬಂದರೆ? ಆಗ ಆರಿಸಲೇಬೇಕಲ್ಲ?

ಬೇಕು. ಅದಕ್ಕೆ ಎಂ.ಜೆ. ಗೋಪಾಲನ್ ಅವರ ಕಥೆ ಇದೆ, ಅವರ ಆಟಗಳು ಕ್ರಿಕೆಟ್ ಮತ್ತು ಹಾಕಿ. ಮದರಾಸಿನವರಾದರೂ ನಮಗೆ ಹೊರಗಿನವರಲ್ಲ. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ಮೊತ್ತಮೊದಲ ರಣಜಿ ಪಂದ್ಯ ಶುರುವಾದದ್ದು ಗೋಪಾಲನ್ ನಮ್ಮ ಮೈಸೂರು ತಂಡಕ್ಕೆ ಹಾಕಿದ ಚೆಂಡಿನಿಂದ. ಮೈಸೂರು 48ಕ್ಕೂ 59ಕ್ಕೂ ಔಟಾಗಿ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಅದೇ ವರ್ಷದ ಜನವರಿಯಲ್ಲಿ ಅವರು ಕಲ್ಕತ್ತದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದ್ದರು. 1935ರಲ್ಲಿ ಭಾರತದ ಹಾಕಿ ತಂಡದ ಜೊತೆ ನ್ಯೂಜಿಲೆಂಡಿಗೆ ಹೋಗಿ ಬಂದರು. 1936ರಲ್ಲಿ ಎರಡು ಕರೆ ಒಟ್ಟಿಗೆ ಬಂದವು. ಬರ್ಲಿನ್ ಒಲಿಂಪಿಕ್ಸ್‌ಗೆ ಹಾಕಿ ತಂಡ, ಇಂಗ್ಲೆಂಡಿಗೆ ಕ್ರಿಕೆಟ್ ತಂಡ. ಗೋಪಾಲನ್ ಕ್ರಿಕೆಟ್ ಆರಿಸಿಕೊಂಡರು.

ಹಾಕಿ ತಂಡ ಧ್ಯಾನ್‌ಚಂದ್ ನಾಯಕತ್ವದಲ್ಲಿ ಫೈನಲ್ಲಿನಲ್ಲಿ ಜರ್ಮನಿಗೆ 8-1ರಿಂದ ಹೊಡೆದು ಚಿನ್ನ ತಂದಿತು. ಕ್ರಿಕೆಟ್ ತಂಡ ಮೂರು ಟೆಸ್ಟ್‌ಗಳಲ್ಲಿ ಎರಡು ಸೋತು ಬಂತು. ಗೋಪಾಲನ್ ಅವರಿಗೆ ಆ ಮೂರರಲ್ಲಿ ಒಂದೂ ಆಡಲು ಸಿಗಲಿಲ್ಲ. ಅವರ ಟೆಸ್ಟ್ ಲೆಕ್ಕ ಒಂದಕ್ಕೇ ನಿಂತುಹೋಯಿತು.

ಆದರೆ ಅದೇ ಪ್ರವಾಸದ ತಂಡದಲ್ಲಿ ಇನ್ನೊಬ್ಬ ಎರಡು ಆಟದವರಿದ್ದರು. ಸಿ. ರಾಮಸ್ವಾಮಿ. 1922ರಲ್ಲೇ ಡೇವಿಸ್ ಕಪ್ ಟೆನಿಸ್‌ನಲ್ಲಿ ಭಾರತಕ್ಕೆ ಆಡಿದವರು. ಈ ಪ್ರವಾಸದಲ್ಲಿ, ನಲವತ್ತು ತುಂಬಿದ ಮೇಲೆ, ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿ 40 ಮತ್ತು 60 ಹೊಡೆದರು. ಒಂದೇ ಪ್ರವಾಸದಲ್ಲಿ ಎರಡು ಆಟದ ಒಬ್ಬರು ಗೆದ್ದರು, ಎರಡು ಆಟದ ಇನ್ನೊಬ್ಬರಿಗೆ ಮೈದಾನವೇ ಸಿಗಲಿಲ್ಲ. ಇದರಿಂದ ನೀತಿಪಾಠ ಹೇಗೆ ಮಾಡುತ್ತೀರಿ?

ಗೋಪಾಲನ್ ತಪ್ಪು ಆರಿಸಿದರು ಅಂತ ಓದುವವರೆಲ್ಲ ಅನ್ನುತ್ತಾರೆ. ಅವರ ಕೈಲಿ ಆ ಹೊತ್ತು ಇದ್ದದ್ದು ಎರಡು ಆಹ್ವಾನ ಮಾತ್ರ, 8-1 ಅನ್ನುವ ಅಂಕಿ ಇರಲಿಲ್ಲ. ಬರ್ಲಿನ್ನಿನಲ್ಲಿ ನಮ್ಮವರು ಸೋತಿದ್ದರೆ, ಇಂಗ್ಲೆಂಡಿನಲ್ಲಿ ಇವರಿಗೆ ಐದು ವಿಕೆಟ್ ಸಿಕ್ಕಿದ್ದರೆ, ಅದೇ ಮನುಷ್ಯ, ಅದೇ ತೀರ್ಮಾನ, 'ಎಂಥಾ ದೂರದೃಷ್ಟಿ' ಅನ್ನಿಸಿಕೊಳ್ಳುತ್ತಿತ್ತು. ಫಲ ನೋಡಿ ಆಮೇಲೆ ಗುಣಕ್ಕೆ ಹೆಸರಿಡುವುದು ನಮ್ಮ ಅಭ್ಯಾಸ. ಶಿವಮೊಗ್ಗದಲ್ಲಿ ಆ ಹುಡುಗನ ಆಯ್ಕೆ ಆಗಿದ್ದರೆ ನಾನು ಸ್ಟಾಫ್ ರೂಮಿನಲ್ಲಿ ಏನು ಹೇಳುತ್ತಿದ್ದೆ ಅಂತ ನನಗೆ ಚೆನ್ನಾಗಿ ಗೊತ್ತು. ಅವನ ಎರಡು ಚೀಲಗಳನ್ನೇ ಹೊಗಳುತ್ತಿದ್ದೆ. ಅವನಿಗೆ ಉತ್ಸಾಹ ಎಷ್ಟಿತ್ತು ಅಂದರೆ ಎರಡು ಚೀಲ ಹೊತ್ತು ಬಂದಿದ್ದ, ಅಂತ.

ಇಷ್ಟಾದರೂ ಏಕಾಗ್ರತೆಯ ಪರ ಒಂದು ಬಲವಾದ ವಾದವಿದೆ, ಅದನ್ನು ಅಲ್ಲಗಳೆಯಲಾರೆ. ತರೀಕೆರೆಯಿಂದ ಅರ್ಧ ಗಂಟೆ ದಾರಿಯ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೋಡಿದವರು ಯಾರೂ ಅಲ್ಲಗಳೆಯಲಾರರು. 1969ರಲ್ಲಿ ಕಾನ್ಪುರದಲ್ಲಿ, ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ ಆಸ್ಟ್ರೇಲಿಯಾ ವಿರುದ್ಧ 137. ಒಂದೇ ಹೊಡೆತವನ್ನು ಸಾವಿರ ಸಲ, ಹತ್ತು ಸಾವಿರ ಸಲ ಹೊಡೆದಾಗ ಮಾತ್ರ ಮಣಿಕಟ್ಟಿಗೆ ಬರುವ ವಿದ್ಯೆ ಅದು. ಮಿಲ್ಟನ್‌ಗೆ ಸಿಕ್ಕಿದ್ದು ಒಂದು ಫುಟ್ಬಾಲ್ ಪಂದ್ಯ, ಆರು ಟೆಸ್ಟ್. ಒಂದನ್ನೇ ಹಿಡಿದಿದ್ದರೆ ಇನ್ನೂ ದೊಡ್ಡವರಾಗುತ್ತಿದ್ದರೇನೋ. ಪೂರ್ತಿ ತನ್ನನ್ನೇ ಕೊಟ್ಟವನಿಗೆ ಮಾತ್ರ ತೆರೆಯುವ ಬಾಗಿಲುಗಳಿವೆ, ನಿಜ.

ಆದರೆ ಹಾಗೆ ಕೊಡುವುದು ಒಳಗಿನಿಂದ ಬರಬೇಕು. ಹುಡುಗ ತಾನೇ ಒಂದು ದಿನ ಬಂದು, "ಸಾರ್, ಇನ್ನು ನಂಗೆ ಕ್ರಿಕೆಟ್ಟೇ ಸಾಕು" ಅಂದರೆ ಅದು ಏಕಾಗ್ರತೆ. ಕಿಟಕಿಯ ಒಳಗೆ ಕೂತವನು ಹೊರಗೆ ನಿಂತವನಿಗೆ "ಒಂದು ಬಿಡು" ಅಂದರೆ ಅದು ಬರೀ ಕತ್ತರಿಸಿದ್ದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಉಳಿದಿರುವುದು ಒಂದೇ ಕೊಂಬೆ. ಗಿಡಕ್ಕೆ ವ್ಯತ್ಯಾಸ ಗೊತ್ತಿರುತ್ತದೆ.

ಮಿಲ್ಟನ್ ಅವರ ಕಡೆಯ ದಿನಗಳ ವಿಷಯ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆಟ ಮುಗಿದ ಮೇಲೆ ಅವರು ಬ್ರಿಸ್ಟಲ್ಲಿನಲ್ಲಿ ಪೋಸ್ಟ್‌ಮ್ಯಾನ್ ಆದರು. ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಕಾಗದ ಹಂಚುವುದು ಅವರಿಗೆ ಎಷ್ಟು ಹಿಡಿಸಿತೆಂದರೆ ಆ ಕೆಲಸದಿಂದ ನಿವೃತ್ತರಾದ ಮೇಲೆ ಅದೇ ಬೀದಿಗಳಲ್ಲಿ ಪೇಪರು ಹಾಕಲು ಹೋದರು. ಇವರನ್ನು ಯಾವ ಅಳತೆಗೋಲಿನಲ್ಲಿ ಅಳೆಯೋಣ? ಆರು ಟೆಸ್ಟ್ ಅಂತಲೇ? ಆಟವನ್ನು ಹೇಗೆ ಪ್ರೀತಿಸಿದರೋ ಹಾಗೆಯೇ ಅಂಚೆಚೀಲವನ್ನೂ ಪ್ರೀತಿಸಿದ ಮನುಷ್ಯ. ಯಾವ ಕೆಲಸ ಎದುರಿಗಿದೆಯೋ ಅದರಲ್ಲಿ ಪೂರ್ತಿ ಇರುವುದು ಕೂಡ ಏಕಾಗ್ರತೆಯೇ ಅಲ್ಲವೇ?

ನಮ್ಮ ಅಜ್ಜಂಪುರದ ಅಮೃತ ಮಹಲ್ ಕಾವಲಿನ ದನಗಳನ್ನು ನೋಡಿದಾಗಲೂ ನನಗೆ ಇದೇ ಯೋಚನೆ ಬರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು 'ಬೆಣ್ಣೆ ಚಾವಡಿ', ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ, ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದ. ಹೆಸರು ಹಾಲಿನದು, ಹೆಸರುವಾಸಿಯಾದದ್ದು ಓಟಕ್ಕೆ. ಎಳೆಯುವುದಕ್ಕೇ ಹೇಳಿ ಮಾಡಿಸಿದ ತಳಿಯಾಯಿತು, ಹಾಲು ಕಮ್ಮಿ. ಆಮೇಲೆ ಟ್ರ್ಯಾಕ್ಟರು ಬಂತು. ಈಗ ಆ ತಳಿಯನ್ನು ಕಾಪಾಡಲು ಸರ್ಕಾರ ಕೇಂದ್ರ ನಡೆಸಬೇಕಾಗಿದೆ. ಒಂದೇ ಕೆಲಸಕ್ಕೆ ಅಂತ ತಯಾರಾದವರಿಗೆ ಆ ಕೆಲಸವೇ ಹೋದರೆ ಏನು ಗತಿ ಅನ್ನುವುದಕ್ಕೆ ನಮ್ಮ ಊರಿನ ಹುಲ್ಲುಗಾವಲಿಗಿಂತ ಬೇರೆ ಪಾಠ ಬೇಡ.

ಈಗಲೂ ಎರಡು ಆಟದ ಕಥೆ ಪೂರ್ತಿ ಮುಗಿದಿಲ್ಲ. ಆಸ್ಟ್ರೇಲಿಯಾದ ಎಲಿಸ್ ಪೆರಿ 2007ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಕ್ರಿಕೆಟ್ಟಿಗೂ ಫುಟ್ಬಾಲಿಗೂ ದೇಶದ ತಂಡ ಸೇರಿದರು. 2011ರ ಮಹಿಳಾ ವಿಶ್ವಕಪ್ ಫುಟ್ಬಾಲಿನಲ್ಲಿ ಸ್ವೀಡನ್ ವಿರುದ್ಧ ಗೋಲು ಹೊಡೆದರು. ಕ್ರಿಕೆಟ್ ವಿಶ್ವಕಪ್ಪುಗಳನ್ನು ಗೆದ್ದ ತಂಡಗಳಲ್ಲಿದ್ದರು. ಮಹಿಳೆಯರ ಆಟಕ್ಕೆ ಆಗಿನ್ನೂ ದುಡ್ಡು ಕಮ್ಮಿ, ಪಂದ್ಯಗಳೂ ಕಮ್ಮಿ, ಹಾಗಾಗಿ ಬಿಡುವಿತ್ತು. ದುಡ್ಡು ಬರತೊಡಗಿದಂತೆ ಅವರೂ ಕೊನೆಗೆ ಕ್ರಿಕೆಟ್ಟಿನಲ್ಲಿ ಉಳಿದರು. ದುಡ್ಡು ಬರಬೇಕಾದ್ದೇ, ನಾನು ಬೇಡ ಅನ್ನುತ್ತಿಲ್ಲ. ಆದರೆ ಇವತ್ತು ನಮ್ಮ ಸಣ್ಣ ಊರುಗಳಲ್ಲೂ ಹತ್ತು ವರ್ಷದ ಮಗುವನ್ನು ವರ್ಷವಿಡೀ ಒಂದೇ ಕೋಚಿಂಗಿಗೆ ಕಳಿಸುವ ಅಪ್ಪ ಅಮ್ಮಂದಿರು ಸಿಕ್ಕಾಗ ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ಈ ಏಕಾಗ್ರತೆ ಯಾರದು? ಮಗುವಿನದೋ, ಕಟ್ಟಿದ ಫೀಸಿನದೋ?

2023ರ ಮಾರ್ಚಿನಲ್ಲಿ ಕರ್ನಾಟಕ ಫುಟ್ಬಾಲ್ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅನ್ನುವ ಹೆಸರಿನಲ್ಲಿ 1968-69ರಲ್ಲಿ ಗೆದ್ದದ್ದೇ ಕೊನೆ, 54 ವರ್ಷಗಳ ನಂತರ ಮತ್ತೆ. ಪೇಪರಿನಲ್ಲಿ ಆ ಫೋಟೋ ನೋಡುತ್ತಿದ್ದಾಗ 'ಫುಟ್ಬಾಲ್ ಯಾರಿಗೆ ಬೇಕು' ಅಂದಿದ್ದ ನನ್ನ ದನಿ ಕಿವಿಗೆ ಬಡಿಯಿತು. ನಾನು ಹಾಗಂದ ಹತ್ತೇ ವರ್ಷಕ್ಕೆ, 2013ರಲ್ಲಿ, ಬೆಂಗಳೂರು ಎಫ್‌ಸಿ ಶುರುವಾಗಿ ಮೊದಲ ಸಲವೇ ಐ-ಲೀಗ್ ಗೆದ್ದಿತ್ತು. ನಾಳೆ ಅನ್ನ ಯಾವುದು ಹಾಕುತ್ತದೆ ಅಂತ ನನಗೆ ಎಲ್ಲಿ ಗೊತ್ತಿತ್ತು?

ಮಾರನೇ ದಿನ ಕಡೂರಿಗೆ ಹೋದೆ. ಆ ಹುಡುಗ ಈಗ ಅಲ್ಲೇ ಅಂಗಡಿ ಇಟ್ಟಿದ್ದಾನೆ ಅಂತ ಕೇಳಿದ್ದೆ. ಒಂದು ಬದಿಗೆ ಬೈಕ್ ರಿಪೇರಿ, ಇನ್ನೊಂದು ಬದಿಗೆ ಬೋರ್‌ವೆಲ್ ಮೋಟರು ರಿವೈಂಡಿಂಗ್. ಬೇಸಿಗೆಯಲ್ಲಿ ಅಂತರ್ಜಲ ಇಳಿದು ಮೋಟರು ಸುಟ್ಟು ಬರುತ್ತವೆ. ಮಳೆಗಾಲದಲ್ಲಿ ಮೋಟರಿಲ್ಲ, ಬೈಕೇ. ಎರಡು ಋತು, ಎರಡು ಕೆಲಸ. ಕೈಗೆ ಗ್ರೀಸು ಮೆತ್ತಿತ್ತು, ಮೊಣಕೈಯಿಂದಲೇ ಸ್ಟೂಲು ತಳ್ಳಿ "ಕುತ್ಕಳಿ ಸಾರ್" ಅಂದ. ಟೀ ತರಿಸಿದ.

ನಾನು ಬಂದ ವಿಷಯ ಹೇಳಿದೆ. ಅವತ್ತು ನಾನು ನಿನಗೆ ತಪ್ಪು ದಾರಿ ಹೇಳಿದೆ, ಚಿಕ್ಕಮಗಳೂರಿಗೇ ಕರಕೊಂಡು ಹೋಗಬೇಕಿತ್ತು ಅಂದೆ.

ಅವನು ನಕ್ಕ. "ಅಯ್ಯೋ, ಅದಕ್ಯಾಕೆ ಬೇಜಾರು ಮಾಡ್ಕಂತೀರ ಸಾರ್. ಅಲ್ಲಿಗೆ ಹೋಗಿದ್ರೂ ಏನಾಗ್ತಿತ್ತೋ ಯಾರಿಗೆ ಗೊತ್ತು." ಸ್ವಲ್ಪ ಹೊತ್ತು ಸ್ಪ್ಯಾನರು ಒರೆಸಿದ. ಆಮೇಲೆ ತಲೆ ಎತ್ತದೆ ಹೇಳಿದ. "ಆದ್ರೆ ಸಾರ್, ಯಾವುದಕ್ಕೆ ಹೋಗ್ಲಿ ಅಂತ ನಾನು ಕೇಳಿರ್ಲಿಲ್ಲ. ಎರಡಕ್ಕೂ ಹೆಂಗೆ ಹೋಗಾದು ಅಂತ ಕೇಳಿದ್ದೆ. ನೀವು ಶಿವಮೊಗ್ಗಕ್ಕೆ ಒಂದು ಫೋನ್ ಮಾಡಿ, ಹುಡುಗ ನಾಳೆ ಬತ್ತಾನೆ ಅಂತ ಒಂದು ಮಾತು ಹೇಳ್ತೀರೇನೋ ಅಂದ್ಕಂಡಿದ್ದೆ. ಸೆಲೆಕ್ಷನ್ ಭಾನುವಾರಾನೂ ಇತ್ತು ಸಾರ್."

ನನಗೆ ಏನೂ ಹೇಳಲು ಆಗಲಿಲ್ಲ. ಟೀ ಆರಿಹೋಯಿತು.

ಇಪ್ಪತ್ತು ವರ್ಷ ನಾನು ಯಾವ ಉತ್ತರ ಸರಿ ಅಂತ ಲೆಕ್ಕ ಹಾಕುತ್ತಿದ್ದೆ, ಕೇಳಿದ ಪ್ರಶ್ನೆಯೇ ನನಗೆ ಕೇಳಿಸಿರಲಿಲ್ಲ. ಅವನ ಎದುರಿಗಿದ್ದದ್ದು ವೇಳಾಪಟ್ಟಿಯ ಒಂದು ತೊಡಕು. ದೊಡ್ಡವರು ಯಾರಾದರೂ ಬಾಯಿ ಬಿಟ್ಟರೆ ಬಿಡಿಸಬಹುದಾಗಿದ್ದ ತೊಡಕು. ನಾನು ಅದನ್ನು ಅವನ ಸ್ವಭಾವದ ತೊಡಕು ಮಾಡಿದೆ, ಗಾದೆ ಹೇಳಿದೆ, ಆಮೇಲೆ ಊರಿಗೆಲ್ಲ ಸಾರಿದೆ. ಎರಡು ಬೇಕುಗಳು ನಿಜವಾಗಿ ಒಂದನ್ನೊಂದು ತಿನ್ನುತ್ತವೆಯೋ, ಅಥವಾ ಒಂದು ದಿನದ ಮಟ್ಟಿಗೆ ಢಿಕ್ಕಿ ಹೊಡೆದಿವೆಯೋ ಅಂತ ನೋಡುವುದು ದೊಡ್ಡವರ ಕೆಲಸ. ಮೊದಲನೆಯದಾದರೆ ಆರಿಸುವ ಹಕ್ಕು ಅವನದು, ನಾವು ಸುಮ್ಮನಿರಬೇಕು. ಎರಡನೆಯದಾದರೆ ಓಡಾಡುವ ಕೆಲಸ ನಮ್ಮದು, ನಾವು ಎದ್ದು ನಿಲ್ಲಬೇಕು. ನಾನು ಮಾತಾಡಬಾರದ ಕಡೆ ಮಾತಾಡಿದೆ, ಏಳಬೇಕಾದ ಕಡೆ ಕೂತಿದ್ದೆ.

ಅವರಪ್ಪ ಈಗಿಲ್ಲ. ಸಂತೆಯಲ್ಲಿ ಆಡಿದ ಆ ಮಾತನ್ನು ವಾಪಸ್ ತಗೊಳ್ಳಲು ನನಗೆ ದಾರಿಯಿಲ್ಲ. ಅದನ್ನು ಅವನಿಗೆ ಹೇಳಿದೆ. "ಅಪ್ಪ ಅದನ್ನ ಮನೇಲಿ ಹೇಳಿರ್ಲೇ ಇಲ್ಲ ಸಾರ್" ಅಂದ.

ವಾಪಸ್ ಬರುವಾಗ ಬೀರೂರಿನಲ್ಲಿ ಇಳಿದು ಗಾಡಿ ಬದಲಾಯಿಸಬೇಕಿತ್ತು. ಅದೇ ಬೆಂಚಿನ ಮೇಲೆ ಕೂತೆ. ಆಗೆಲ್ಲ ಸ್ಟೇಷನ್ನಿನಲ್ಲಿ ಒಂದು ರೂಪಾಯಿ ಕಾಯಿನ್ ಬೂತು ಇತ್ತು, ಹಳದಿ ಡಬ್ಬಿ. ಅವತ್ತು ನಮ್ಮ ಗಾಡಿ ನಿಂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ. ನನ್ನ ಜೇಬಿನಲ್ಲಿ ಹುಡುಗರ ಬಸ್ ಚಾರ್ಜಿಗೆ ಅಂತ ಚಿಲ್ಲರೆಯೂ ಇತ್ತು.